ಮೀನಿನ ತೊಟ್ಟಿಗೊಂದು ಸಕ್ಕರೆ ಬಾಟಲಿ

ಹೈಡ್ರಿಲ್ಲಾ ಗಿಡದ ಪ್ರಯೋಗವನ್ನು ನೀವೆಲ್ಲ ಶಾಲೆಯಲ್ಲಿ ನೋಡಿರುತ್ತೀರಿ. ಬೀಕರಿನ ನೀರಿನಲ್ಲಿ ಗಿಡದ ಕೆಲವು ತುಂಡುಗಳನ್ನಿಟ್ಟು, ಅವುಗಳ ಮೇಲೆ ಆಲಿಕೆಯನ್ನು ಬೋರಲು ಹಾಕಿ, ಅದರ ಕೊಳವೆಯ ಮೇಲೆ ನೀರು ತುಂಬಿದ ಪ್ರನಾಳವನ್ನು ಮಗುಚಿ ಬಿಸಿಲಿಗಿಡುತ್ತೇವೆ. ಸ್ವಲ್ಪ ಹೊತ್ತಿಗೆ ಗುಳ್ಳೆಗಳು ಏಳುತ್ತವೆ. ಅದು ಆಮ್ಲಜನಕ ಎಂದು ಮೇಷ್ಟ್ರು ಹೇಳುತ್ತಾರೆ. ಆದರೆ ಅದಕ್ಕೂ ಮೊದಲು ಅವರು ನೀರಿಗೆ ಒಂದು ಚಿಟಿಕೆ ಅಡಿಗೆ ಸೋಡಾ ಹಾಕಿದ್ದೇಕೆ ಎಂದು ನೀವು ಕೇಳಿದ್ದೀರಾ? ನಾನಂತೂ ಬಿ.ಎಸ್ಸಿ. ಮುಗಿಸುವವರೆಗೂ ಕೇಳಿರಲಿಲ್ಲ. ಆ ಪ್ರಶ್ನೆ ನನ್ನನ್ನು ಕಾಡಿದ್ದು ಎಷ್ಟೋ ವರ್ಷಗಳ ನಂತರ, ನಮ್ಮ ಮನೆಯ ಮೀನಿನ ತೊಟ್ಟಿಯ ಮುಂದೆ. ಉತ್ತರ ಸರಿಯಾಗಿ ಅರ್ಥವಾಗುವ ಹೊತ್ತಿಗೆ ನಾಲ್ಕು ಮೀನುಗಳನ್ನು ಕಳೆದುಕೊಂಡಿದ್ದೆ.

ಉತ್ತರ ಸರಳವಾಗಿದೆ. ಗಿಡ ತನ್ನ ಆಹಾರವನ್ನು ಇಂಗಾಲದ ಡೈ ಆಕ್ಸೈಡಿನಿಂದ ತಯಾರಿಸುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ ಇರುವುದು 420 ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಆದರೂ ಹೊಲದ ಗಿಡಕ್ಕೆ ಕೊರತೆಯಿಲ್ಲ. ಬೀಸುವ ಗಾಳಿ ಅದನ್ನು ಎಲೆಯ ಬಳಿಗೇ ತಂದುಕೊಡುತ್ತದೆ. ನೀರಿನೊಳಗಿನ ಗಿಡದ ಪಾಡು ಬೇರೆ. ಗಾಳಿಗೆ ತೆರೆದಿಟ್ಟ ಒಂದು ಲೀಟರ್ ನೀರಿನಲ್ಲಿ ಕರಗಿ ನಿಲ್ಲುವ ಇಂಗಾಲದ ಡೈ ಆಕ್ಸೈಡ್ ಅರ್ಧ ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚಿರಬಹುದು. ಅಲ್ಲದೆ, ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಅದು ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಮೇಷ್ಟ್ರ ಚಿಟಿಕೆ ಸೋಡಾ ಈ ಕೊರತೆಯನ್ನು ತುಂಬುತ್ತದೆ. ಮೀನಿನ ತೊಟ್ಟಿಯಲ್ಲಿ ಗಿಡ ಬೆಳೆಸುವವರು ಅದೇ ಕೆಲಸವನ್ನು ಒಂದು ಬಾಟಲಿಯಿಂದ ಮಾಡಿಕೊಳ್ಳುತ್ತಾರೆ.

ಆ ಬಾಟಲಿಗೆ ಬೇಕಾದದ್ದು ಅಡಿಗೆ ಮನೆಯ ಸಾಮಾನು. ಎರಡು ಲೀಟರಿನ ತಂಪು ಪಾನೀಯದ ಖಾಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರ್ ಉಗುರುಬೆಚ್ಚಗಿನ ನೀರು, 200 ಗ್ರಾಂ ಸಕ್ಕರೆ ಮತ್ತು ಕಾಲು ಚಮಚ ಬೇಕರಿ ಯೀಸ್ಟ್ ಹಾಕಬೇಕು. ಮುಚ್ಚಳಕ್ಕೆ ತೂತು ಕೊರೆದು ತೊಟ್ಟಿಗೆ ಗಾಳಿ ಬಿಡುವಂಥ ತೆಳುವಾದ ನಳಿಕೆಯನ್ನು ತೂರಿಸಿ, ಸುತ್ತಲೂ ಸಿಲಿಕೋನ್ ಅಂಟಿನಿಂದ ಮುಚ್ಚಬೇಕು. ನಳಿಕೆಯ ಇನ್ನೊಂದು ತುದಿ ತೊಟ್ಟಿಯ ತಳದಲ್ಲಿರುವ ಏರ್ ಸ್ಟೋನಿಗೆ ಹೋಗುತ್ತದೆ. ಉಕ್ಕಿದ ನೊರೆ ತೊಟ್ಟಿಗೆ ಬೀಳದಂತೆ ನಡುವೆ ಇನ್ನೊಂದು ಪುಟ್ಟ ಬಾಟಲಿ, ತೊಟ್ಟಿಯ ನೀರು ಹಿಂದಕ್ಕೆ ಹರಿಯದಂತೆ ಒಂದು ಏಕಮುಖ ಕವಾಟ ಇರಬೇಕು. ಕೆಲವು ಗಂಟೆಗಳಲ್ಲಿ ಗುಳ್ಳೆಗಳು ಬರತೊಡಗುತ್ತವೆ; ಎರಡು ಮೂರು ವಾರ ಬರುತ್ತಲೇ ಇರುತ್ತವೆ.

ಇಲ್ಲಿ ನಡೆಯುವುದು ಹುದುಗುವಿಕೆ. ಯೀಸ್ಟ್ ಒಂದು ಗ್ಲೂಕೋಸ್ ಅಣುವನ್ನು ಒಡೆದು ಎರಡು ಅಣು ಮದ್ಯಸಾರ, ಎರಡು ಅಣು ಇಂಗಾಲದ ಡೈ ಆಕ್ಸೈಡ್ ಮಾಡುತ್ತದೆ. ಮದ್ಯಸಾರ ಬಾಟಲಿಯಲ್ಲೇ ಉಳಿಯುತ್ತದೆ, ಅನಿಲ ಹೊರಬರುತ್ತದೆ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗ್ಗೆ ಉಬ್ಬುವುದೂ ಇದೇ ಅನಿಲದಿಂದ. ಆದರೆ ಅಲ್ಲಿನ ಕೆಲಸ ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದ್ದು. ಈಗೊಂದು ಸಣ್ಣ ಲೆಕ್ಕ ಮಾಡಿ. 200 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 100 ಗ್ರಾಂ ಅನಿಲ ಹುಟ್ಟುತ್ತದೆ. ಕೋಣೆಯ ಉಷ್ಣತೆಯಲ್ಲಿ ಅದರ ಗಾತ್ರ 50 ಲೀಟರಿಗೂ ಹೆಚ್ಚು! ಆದ್ದರಿಂದ ಈ ಬಾಟಲಿಯ ದಾರಿಯನ್ನು ಯಾವಾಗಲೂ ಬಿಗಿಯಾಗಿ ಮುಚ್ಚಬಾರದು, ನಳಿಕೆಯನ್ನು ಮಡಿಚಬಾರದು, ಗಾಜಿನ ಬಾಟಲಿಯನ್ನಂತೂ ಬಳಸಲೇಬಾರದು. ಅದು ಸಿಡಿದರೆ ಚೂರುಗಳು ಕಣ್ಣಿಗೆ ಹಾರುತ್ತವೆ.

ಈ ಉಪಾಯದ ಬೇರು ಹಳೆಯದು. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿಯ ಮನೆಯ ಪಕ್ಕದಲ್ಲೊಂದು ಬಿಯರ್ ಭಟ್ಟಿಯಿತ್ತು. ಹುದುಗುವ ತೊಟ್ಟಿಗಳ ಮೇಲೆ ನಿಲ್ಲುತ್ತಿದ್ದ ಅನಿಲವನ್ನು ಅವನು ನೀರಿಗೆ ಬೆರೆಸಿದ. ನಾವಿಂದು ಸೋಡಾ ನೀರು ಎನ್ನುವುದು ಹೀಗೆ ಬಂತು. ಅದನ್ನು ಮಾಡುವ ಕ್ರಮವನ್ನು 1772ರಲ್ಲಿ ಅವನು ಅಚ್ಚು ಹಾಕಿಸಿದ. ಅದೇ ಪ್ರೀಸ್ಟ್ಲಿ 1771ರಲ್ಲಿ, ಮೇಣದ ಬತ್ತಿ ಉರಿದು ಕೆಟ್ಟುಹೋದ ಗಾಳಿಯನ್ನು ಪುದೀನ ಗಿಡ ಸರಿಪಡಿಸುತ್ತದೆ ಎಂದು ಕಂಡುಕೊಂಡಿದ್ದ. ಆದರೆ ಬಹು ಮುಖ್ಯವಾದ ಒಂದು ಅಂಶ ಅವನಿಗೆ ಸ್ಪಷ್ಟವಾಗಿರಲಿಲ್ಲ. 1779ರಲ್ಲಿ ಯಾನ್ ಇಂಗೆನ್‌ಹೌಸ್ ಎಲೆಗಳನ್ನು ನೀರಿನಲ್ಲಿ ಮುಳುಗಿಸಿಟ್ಟು ಅದನ್ನು ತೋರಿಸಿದ: ಗಿಡ ಗಾಳಿಯನ್ನು ಸರಿಪಡಿಸುವುದು ಬೆಳಕಿನಲ್ಲಿ ಮಾತ್ರ, ಕತ್ತಲಲ್ಲಿ ಅದೇ ಗಾಳಿಯನ್ನು ಕೆಡಿಸುತ್ತದೆ.

ನಾನು ಮರೆತದ್ದು ಈ ಎರಡನೆಯ ಭಾಗವನ್ನೇ.

ನಮ್ಮದು ಎರಡಡಿ ಉದ್ದದ, ಸುಮಾರು 50 ಲೀಟರ್ ನೀರಿನ ತೊಟ್ಟಿ. ಅದರಲ್ಲಿ ಹನ್ನೊಂದು ಗಪ್ಪಿ ಮೀನುಗಳಿದ್ದವು. ಬಾಟಲಿ ಜೋಡಿಸಿದ ವಾರದಲ್ಲೇ ಎಲೆಗಳ ಅಂಚಿನಲ್ಲಿ ಮುತ್ತಿನಂತೆ ಆಮ್ಲಜನಕದ ಗುಳ್ಳೆಗಳು ಕೂತವು. ಕ್ಯಾಮೆರಾ ತಂದು ಚಿತ್ರೀಕರಿಸಬೇಕು ಎನಿಸುವಷ್ಟು ಚೆಂದ. ನನ್ನ ಆಸೆ ಬೆಳೆಯಿತು. ಇನ್ನೊಂದು ಬಾಟಲಿ ಸೇರಿಸಿದೆ. ಗಾಳಿಯ ಪಂಪು ನೀರನ್ನು ಕಲಕಿ ಅನಿಲವನ್ನು ಹೊರಗೆ ಹಾಕುತ್ತದೆಂದು ಅದನ್ನೂ ನಿಲ್ಲಿಸಿದೆ. ಅದು ಏಪ್ರಿಲ್ ತಿಂಗಳು. ಸೆಕೆಗೆ ಯೀಸ್ಟ್ ಇನ್ನಷ್ಟು ಚುರುಕಾಗಿತ್ತು. ಒಂದು ಬೆಳಗ್ಗೆ ಮಗಳು ಓಡಿಬಂದು, "ಅಮ್ಮಾ, ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಾ ಇವೆ" ಎಂದಳು. ನಳಿಕೆಗಳನ್ನು ಎಳೆದು ಹಾಕಿ, ಪಂಪು ಹಚ್ಚಿ, ಮೂರರಲ್ಲೊಂದು ಭಾಗ ನೀರು ಬದಲಿಸಿದೆ. ಏಳು ಉಳಿದವು.

ಏನಾಗಿತ್ತು? ದೀಪ ಆರಿದೊಡನೆ ಗಿಡಗಳು ಇಂಗಾಲದ ಡೈ ಆಕ್ಸೈಡನ್ನು ಬಳಸುವುದನ್ನು ಬಿಟ್ಟು, ಮೀನುಗಳಂತೆ ತಾವೂ ಆಮ್ಲಜನಕ ಸೇವಿಸಿ ಅದೇ ಅನಿಲವನ್ನು ಬಿಡತೊಡಗಿದವು. ಬಾಟಲಿಗಳು ಮಾತ್ರ ಇಡೀ ರಾತ್ರಿ ಗುಳ್ಳೆ ಬಿಡುತ್ತಲೇ ಇದ್ದವು. ಯೀಸ್ಟಿಗೆ ಸ್ವಿಚ್ ಇಲ್ಲ. ನೀರಿನಲ್ಲಿ ಈ ಅನಿಲ ಹೆಚ್ಚಾದರೆ ಮೀನು ತನ್ನ ಕಿವಿರುಗಳಿಂದ ಅದನ್ನು ಹೊರಹಾಕಲಾರದು, ರಕ್ತ ಆಮ್ಲೀಯವಾಗುತ್ತದೆ. ಆಗ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವ ಶಕ್ತಿ ತಗ್ಗುತ್ತದೆ. ಇದನ್ನು ಬೋರ್ ಪರಿಣಾಮ ಎನ್ನುತ್ತಾರೆ. 1904ರಲ್ಲಿ ಇದನ್ನು ವಿವರಿಸಿದವರು ಕ್ರಿಶ್ಚಿಯನ್ ಬೋರ್, ಪರಮಾಣು ವಿಜ್ಞಾನಿ ನೀಲ್ಸ್ ಬೋರ್ ಅವರ ತಂದೆ. ಪುಸ್ತಕದಲ್ಲಿ ಈ ಹೆಸರನ್ನು ಓದಿ ಅಂಕ ಪಡೆದಿದ್ದ ನನಗೆ, ಅದು ನಮ್ಮ ಮನೆಯ ತೊಟ್ಟಿಯಲ್ಲೂ ನಡೆಯುತ್ತದೆಂದು ಹೊಳೆದಿರಲಿಲ್ಲ.

ಈಗ ನಮ್ಮಲ್ಲಿ ಒಂದೇ ಬಾಟಲಿ. ಸಂಜೆ ದೀಪ ಆರಿಸುವಾಗ ಅದರ ನಳಿಕೆಯನ್ನು ನೀರಿನಿಂದ ಹೊರಗೆ ತೆಗೆದಿಡುತ್ತೇವೆ, ಮುಚ್ಚುವುದಿಲ್ಲ. ರಾತ್ರಿಯಿಡೀ ಗಾಳಿಯ ಪಂಪು ಓಡುತ್ತದೆ. ತೊಟ್ಟಿಯೊಳಗೆ ಬ್ರೋಮೋಥೈಮಾಲ್ ನೀಲಿ ಎಂಬ ಸೂಚಕವಿರುವ ಪುಟ್ಟ ಗಾಜಿನ ಬುಡ್ಡಿಯಿದೆ. ಅನಿಲ ಕಡಿಮೆಯಿದ್ದರೆ ಅದರ ಬಣ್ಣ ನೀಲಿ, ಲೀಟರಿಗೆ 30 ಮಿಲಿಗ್ರಾಂ ಆಸುಪಾಸಿನಲ್ಲಿ ಹಸಿರು, ಮೀರಿದರೆ ಹಳದಿ. ಬಣ್ಣ ಬದಲಾಗಲು ಒಂದೆರಡು ಗಂಟೆ ಹಿಡಿಯುವುದರಿಂದ ಅದನ್ನೊಂದನ್ನೇ ನಂಬದೆ ಮೀನುಗಳನ್ನೂ ಗಮನಿಸುತ್ತೇವೆ.

ಇನ್ನೊಂದು ಮಾತು. ಎಲ್ಲ ತೊಟ್ಟಿಗೂ ಬಾಟಲಿ ಬೇಕಿಲ್ಲ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಗಿಡಗಳು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನಿಂದಲೂ ಇಂಗಾಲ ಪಡೆಯಬಲ್ಲವು. ಬೆಳಕು ಮಂದವಾಗಿದ್ದರೆ ಎಷ್ಟು ಅನಿಲ ಕೊಟ್ಟರೂ ಗಿಡ ಬೆಳೆಯದು. ಬೆಳಕು, ಗೊಬ್ಬರ, ಇಂಗಾಲ, ಇವುಗಳಲ್ಲಿ ಯಾವುದು ಕಡಿಮೆಯೋ ಅದೇ ಬೆಳವಣಿಗೆಗೆ ಮಿತಿ ಹಾಕುತ್ತದೆ.

ನೀವು ಮೊದಲು ಮೀನಿಲ್ಲದ ಪ್ರಯೋಗ ಮಾಡಿ. ನೀರಿಗೆ ಕೆಲವು ಹನಿ ಬ್ರೋಮೋಥೈಮಾಲ್ ನೀಲಿ ಹಾಕಿ, ಹೀರುಗೊಳವೆಯಿಂದ ಹಳದಿಯಾಗುವವರೆಗೆ ಊದಿ. ಹೀರಬೇಡಿ, ಊದಿ ಮಾತ್ರ. ಆ ನೀರನ್ನು ಮೂರು ಪ್ರನಾಳಗಳಿಗೆ ಹಂಚಿ. ಎರಡರಲ್ಲಿ ಹೈಡ್ರಿಲ್ಲಾ ಹಾಕಿ, ಒಂದನ್ನು ಗಿಡವಿಲ್ಲದೆ ಬಿಡಿ. ಮೂರಕ್ಕೂ ಬಿರಡೆ ಹಾಕಿ. ಗಿಡವಿರುವ ಒಂದು ಪ್ರನಾಳವನ್ನು ಕತ್ತಲಲ್ಲಿಟ್ಟು, ಉಳಿದೆರಡನ್ನು ಬೆಳಕಿಗಿಡಿ. ಸಂಜೆ ಮೂರರ ಬಣ್ಣವನ್ನೂ ಬರೆದಿಡಿ. ಯಾವುದು ಮತ್ತೆ ನೀಲಿಯತ್ತ ತಿರುಗಿತು, ಯಾವುದು ತಿರುಗಲಿಲ್ಲ, ಏಕೆ? ಅದನ್ನು ನಿಮ್ಮದೇ ಮಾತಿನಲ್ಲಿ ವಿವರಿಸಲು ಸಾಧ್ಯವಾದ ದಿನ ನಿಮ್ಮ ತೊಟ್ಟಿಗೆ ಬಾಟಲಿ ಜೋಡಿಸಬಹುದು. ನಾನು ಈ ಕ್ರಮವನ್ನು ತಲೆಕೆಳಗು ಮಾಡಿದ್ದೆ.