ಮೀಂಜದ ವ್ಯಾಜ್ಯವೂ ಮೂರು ಉಚ್ಚ ನ್ಯಾಯಾಲಯಗಳೂ



ಮೀಂಜದ ಅಡಿಕೆ ತೋಟವೊಂದರ ಗಡಿಯ ಕುರಿತು 1920ರ ಸುಮಾರಿಗೆ ವ್ಯಾಜ್ಯವೆದ್ದಿತೆಂದು ಭಾವಿಸಿರಿ. ಮುನ್ಸಿಫರ ತೀರ್ಪನ್ನು ಒಪ್ಪದ ಕಕ್ಷಿಗಾರನು ಮಂಗಳೂರಿನ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕಾಗಿತ್ತು. ಅಲ್ಲಿಯೂ ಸಮಾಧಾನ ದೊರೆಯದಿದ್ದರೆ ಮದ್ರಾಸಿಗೆ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದರೂ ದಕ್ಷಿಣ ಕನ್ನಡವು ಮದ್ರಾಸಿನಲ್ಲಿಯೇ ಉಳಿಯಿತು. ಮದ್ರಾಸಿನ ಉಚ್ಚ ನ್ಯಾಯಾಲಯವು ಸ್ಥಾಪನೆಯಾದುದೂ ಅದೇ ವರ್ಷ.

ಈಗ ಕಾಣುವ ಅದರ ಕಟ್ಟಡವು 1892ರದು. ಕೆಂಪು ಇಟ್ಟಿಗೆಯ ಗೋಡೆ, ಕಮಾನುಗಳ ಸಾಲು, ಗುಮ್ಮಟಗಳು: ಇಂಡೋ-ಸಾರ್ಸೆನಿಕ್ ಎಂದು ಕರೆಯಲ್ಪಡುವ ಶೈಲಿ. ಅದರ ಅತ್ಯುನ್ನತ ಗೋಪುರದ ಮೇಲೆ ಹಡಗುಗಳಿಗಾಗಿ ದೀಪವಿರಿಸಲಾಗಿತ್ತು. ನ್ಯಾಯಾಲಯವೇ ದೀಪಸ್ತಂಭವೂ ಆದುದನ್ನು ಮಕ್ಕಳಿಗೆ ಹೇಳಿದರೆ ಅವರು ಮರೆಯಲಾರರು.

ಅದೇ ಕಾಲದಲ್ಲಿ ಮೈಸೂರು ಸಂಸ್ಥಾನದ ವ್ಯಾಜ್ಯಗಳು ಬೆಂಗಳೂರಿನ ಅಠಾರ ಕಚೇರಿಗೆ ಹೋಗುತ್ತಿದ್ದವು. ಅಠಾರ ಎಂದರೆ ಹಿಂದುಸ್ತಾನಿಯಲ್ಲಿ ಹದಿನೆಂಟು; ಸರಕಾರದ ಹದಿನೆಂಟು ಇಲಾಖೆಗಳಿಗಾಗಿ 1864ರಿಂದ 1868ರ ನಡುವೆ ಕಟ್ಟಿದ ಎರಡಂತಸ್ತಿನ ಉದ್ದನೆಯ ಕೆಂಪು ಸೌಧವದು. ಇಲ್ಲಿ ಗುಮ್ಮಟಗಳಿಲ್ಲ. ಗ್ರೀಕ್ ದೇವಾಲಯಗಳನ್ನು ನೆನಪಿಸುವ, ತುದಿಯಲ್ಲಿ ಸುರುಳಿಗಳುಳ್ಳ ಅಯೋನಿಕ್ ಕಂಬಗಳಿವೆ. 1956ರಲ್ಲಿ ಎದುರಿಗೆ ವಿಧಾನಸೌಧವು ಪೂರ್ಣಗೊಂಡ ಮೇಲೆ ಇಲಾಖೆಗಳು ಅಲ್ಲಿಗೆ ಹೋದವು, ನ್ಯಾಯಾಲಯವು ಉಳಿಯಿತು. 1982ರಲ್ಲಿ ಈ ಕಟ್ಟಡವನ್ನು ಕೆಡವುವ ಪ್ರಸ್ತಾಪ ಬಂದಾಗ ನಾಗರಿಕರು ಮೊರೆಹೊಕ್ಕುದು ಇದೇ ನ್ಯಾಯಾಲಯವನ್ನು. ತನ್ನ ಅಳಿವು ಉಳಿವಿನ ವಿಚಾರಣೆಯು ತನ್ನ ಸೂರಿನಡಿಯಲ್ಲಿಯೇ ನಡೆಯುವ ಯೋಗ ಎಷ್ಟು ಕಟ್ಟಡಗಳಿಗೆ ಒದಗೀತು?

1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದವು. ಮಂಗಳೂರಿನ ಮೇಲ್ಮನವಿಗಳು ಅಠಾರ ಕಚೇರಿಯತ್ತ ತಿರುಗಿದವು. ಕೇರಳಕ್ಕೆ ಸೇರಿದ ಕಾಸರಗೋಡಿನವು ಎರ್ನಾಕುಳಂಗೆ ಹೋದವು; ಅಲ್ಲಿ ಉಚ್ಚ ನ್ಯಾಯಾಲಯವು ಬಹುಕಾಲ ರಾಮಮೋಹನ ಅರಮನೆಯಲ್ಲಿತ್ತು, 2006ರಲ್ಲಿ ಹೊಸ ಬಹುಮಹಡಿ ಕಟ್ಟಡವನ್ನು ಪಡೆಯಿತು. ವಿಟ್ಲದಲ್ಲಿ ಒಬ್ಬ, ಮೀಂಜದಲ್ಲಿ ಇನ್ನೊಬ್ಬನಿರುವ ಅಣ್ಣತಮ್ಮಂದಿರ ಪಾಲಿಗೆ ಒಂದೇ ದಿನದಲ್ಲಿ ನ್ಯಾಯದ ದಿಕ್ಕುಗಳೇ ಬೇರೆಯಾದವು.

ಹಳೆಯ ದಸ್ತಾವೇಜುಗಳ ಕನ್ನಡವು ಮಾತ್ರ ಬದಲಾಗಲಿಲ್ಲ. ಮೂಲಗೇಣಿ ಎಂದರೆ ಶಾಶ್ವತ ಗೇಣಿ, ಚಾಲಗೇಣಿ ಎಂದರೆ ಒಡೆಯನ ಇಚ್ಛೆಯಿರುವವರೆಗಿನ ಗೇಣಿ. ಇದನ್ನು ಓದಿ ಹೇಳಬಲ್ಲವರು ಮನೆಯಲ್ಲಿ ಇಲ್ಲವಾದಾಗ ಸ್ವಂತ ಜಮೀನಿನ ಪತ್ರಕ್ಕೂ ಅನುವಾದಕನನ್ನು ಹುಡುಕಬೇಕಾಗುತ್ತದೆ. ಏಳನೆಯ ತರಗತಿಯ ಮಕ್ಕಳು ಅಜ್ಜನ ಪೆಟ್ಟಿಗೆಯಿಂದ ಅಂತಹ ಪತ್ರದ ನಕಲೊಂದನ್ನು ತಂದರೆ, ಆ ದಿನದ ಪಾಠವನ್ನು ಅದರಿಂದಲೇ ಆರಂಭಿಸಬಹುದು.