ಆಸ್ಪತ್ರೆಯಿಂದ ಮನೆಗೆ ಬಂದ ಯೋಧನನ್ನ ನೋಡಿಕೊಳ್ಳೋರು ಯಾರು?

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೂತಿದ್ರೆ, ಒಂದು ನಾಲ್ಕು ನಿಮಿಷ ನನಗೆ ಕೊಡಿ.

ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿದ್ದೀರಾ? ದೊಡ್ಡಬಳ್ಳಾಪುರ ತಾಲ್ಲೂಕು, ಬೆಂಗಳೂರಿಂದ ಹೆಚ್ಚುಕಡಿಮೆ 60 ಕಿಲೋಮೀಟರ್. ಗರ್ಭಗುಡಿಯಲ್ಲಿ ಎದುರಿಗೆ ಸುಬ್ರಹ್ಮಣ್ಯ, ಅದೇ ಕಲ್ಲಿನ ಹಿಂಬದಿಯಲ್ಲಿ ನರಸಿಂಹ. ಹಿಂದಿರೋ ಸ್ವಾಮಿಯನ್ನ ಕನ್ನಡಿಯಲ್ಲೇ ನೋಡಬೇಕು. ನಮ್ಮ ಮಾಜಿ ಸೈನಿಕರ ವಿಷಯವೂ ಹಾಗೇ. ಯೂನಿಫಾರ್ಮು, ಮೆಡಲ್ಲು, ಆಗಸ್ಟ್ 15ರ ಶಾಲು ಎಲ್ಲರಿಗೂ ಕಾಣುತ್ತೆ. ಲಕ್ವ ಹೊಡೆದು ಹಾಸಿಗೆ ಹಿಡಿದ ಯೋಧ ಯಾರಿಗೂ ಕಾಣಲ್ಲ.

ಘಾಟಿ ಹತ್ತಿರದ ಒಂದು ಹಳ್ಳಿಮನೆ ಊಹಿಸಿಕೊಳ್ಳಿ. ತಾತನಿಗೆ 81, ಅಜ್ಜಿಗೆ 75. ಮಗ, ಸೊಸೆ ಬೆಳಗ್ಗೆ ಫ್ಯಾಕ್ಟರಿ ಬಸ್ ಹತ್ತುತ್ತಾರೆ. ತಾತನನ್ನ ಎತ್ತಿ ಕೂರಿಸೋರು ಯಾರು?

ಚಿಕಿತ್ಸೆಗೆ ವ್ಯವಸ್ಥೆ ಇದೆ. 2003ರ ಏಪ್ರಿಲ್‌ನಲ್ಲಿ ಶುರುವಾದ ಇಸಿಎಚ್‌ಎಸ್ ಯೋಜನೆಯಲ್ಲಿ ಪಿಂಚಣಿ ಬರುವ ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ ಪಾಲಿಕ್ಲಿನಿಕ್ ಸೇವೆ ಸಿಗುತ್ತೆ. ಅಲ್ಲಿಂದ ರೆಫರ್ ಮಾಡಿದ್ರೆ ಪಟ್ಟಿಯಲ್ಲಿರೋ ಖಾಸಗಿ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಚಿಕಿತ್ಸೆ. ಆದರೆ ಡಿಸ್ಚಾರ್ಜ್ ಆದ ಮೇಲೆ? ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ರೆ ಹಾಸಿಗೆ ಹುಣ್ಣಾಗುತ್ತೆ. ಸ್ನಾನ, ಊಟ, ಕ್ಯಾತಿಟರ್ ಇವೆಲ್ಲ ದಿನಾ ಇರೋ ಕೆಲಸ. ಅದು ಬೀಳೋದು ಅಜ್ಜಿ ಮೇಲೆ, ಇಲ್ಲಾ ಸೊಸೆ ಮೇಲೆ.

ನರ್ಸಿಂಗ್ ಜೊತೆಗೆ ವರ್ಷಗಟ್ಟಲೆ ಇರೋಕೆ ಜಾಗ ಕೊಡೋ ಕೇಂದ್ರ ನಮ್ಮ ಸೈನ್ಯಕ್ಕೆ ಹೊಸದೇನಲ್ಲ. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಸೇರಿದ ಯೋಧರಿಗಾಗಿ ಪುಣೆಯ ಖಡ್ಕಿಯಲ್ಲಿ 1974ರಲ್ಲೇ ಪುನರ್ವಸತಿ ಕೇಂದ್ರ ಶುರುವಾಯ್ತು. ಆಮೇಲೆ ಮೊಹಾಲಿಯಲ್ಲೂ ಬಂತು. ಸೇವೆಯಿಂದಾಗಿ 100% ಅಂಗವೈಕಲ್ಯ ಆಗಿ, ಸದಾ ಒಬ್ಬರು ಜೊತೆಗಿರಬೇಕು ಅಂತ ವೈದ್ಯಕೀಯ ಮಂಡಳಿ ಹೇಳಿದ್ರೆ, ಸಹಾಯಕರಿಗಾಗಿ ಪ್ರತ್ಯೇಕ ಭತ್ಯೆನೂ ಉಂಟು. ಆದರೆ ನಿವೃತ್ತಿಯಾಗಿ 40 ವರ್ಷದ ಮೇಲೆ, ವಯಸ್ಸಿನಿಂದ ಹಾಸಿಗೆ ಹಿಡಿದ ತಾತ ಈ ಲೆಕ್ಕಕ್ಕೆ ಬರಲ್ಲ. ಗಡಿಯಲ್ಲಿ ಬಿದ್ದವನಿಗೆ ನಿಯಮ ಇದೆ, ಬಚ್ಚಲಲ್ಲಿ ಜಾರಿ ಬಿದ್ದವನಿಗೆ ಮನೆಯವರೇ ಗತಿ. ತಾಲ್ಲೂಕು ಮಟ್ಟದಲ್ಲಿ ನರ್ಸ್ ಮನೆಗೆ ಬರೋ ವ್ಯವಸ್ಥೆ, ಜಿಲ್ಲೆಗೊಂದು ಆರೈಕೆ ಮನೆ ಬೇಕು ಅಂತ ನಾವು ಕೇಳಬೇಕಾಗಿರೋದು ಇದಕ್ಕೇ.

ಅಲ್ಲಿವರೆಗೆ ನಿಮ್ಮ ಕೈಲಿರೋ ಫೋನಿಂದಲೇ ಒಂದಿಷ್ಟು ಕೆಲಸ ಆಗುತ್ತೆ. ತಾತನಿಗೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕಲ್ಲ, ಅವರನ್ನ ಆಟೋದಲ್ಲಿ ಹೊತ್ತುಕೊಂಡು ಹೋಗಬೇಕಿಲ್ಲ. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿ ಮನೆಯಲ್ಲೇ ಮುಗಿಸಬಹುದು. 80 ತುಂಬಿದ್ರೆ ಮೂಲ ಪಿಂಚಣಿ ಮೇಲೆ 20%, 85ಕ್ಕೆ 30% ಹೆಚ್ಚುವರಿ ಸೇರಬೇಕು. ಸೇರಿದೆಯಾ ನೋಡಿ. ಹುಟ್ಟಿದ ತಾರೀಖು ತಪ್ಪಿದ್ದರೆ, ದಾಖಲೆಯಲ್ಲಿ ಅಜ್ಜಿ ಹೆಸರು ಸರಿಯಿಲ್ಲದಿದ್ದರೆ ಈಗಲೇ ಸರಿಮಾಡಿಸಿ. ತಾತ ಹೋದ ಮೇಲೆ ಅಜ್ಜಿ ಕಚೇರಿ ಕಚೇರಿ ಅಲೆಯೋದು ತಪ್ಪುತ್ತೆ. ಗೊತ್ತಾಗದಿದ್ರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ. ಯಾವುದೇ ಹಿರಿಯರ ಸಮಸ್ಯೆಗೆ 14567 ಉಚಿತ ಸಹಾಯವಾಣಿ ಇದೆ.

ಇನ್ನೊಂದು ಮಾತು. ಭಾನುವಾರ ಊರಿಗೆ ಹೋದಾಗ ಒಂದು ಮಧ್ಯಾಹ್ನ ತಾತನ ಹತ್ತಿರ ನೀವೇ ಇರಿ. ಅಜ್ಜಿ ಸ್ವಲ್ಪ ನಿದ್ದೆ ಮಾಡಲಿ.

ನಿಮ್ಮ ಮನೆಯಲ್ಲಿ ಹೇಗೆ ನಡೀತಿದೆ, ನಮಗೆ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.