ತರಗತಿಯಲ್ಲಿ ಕಂಪ್ಯೂಟರ್: ಲಾಭವೆಷ್ಟು, ನಷ್ಟವೆಷ್ಟು?



ಶಾಲೆಗೆ ಕಂಪ್ಯೂಟರ್ ಬೇಕು ಎಂದು ಯಾರಾದರೂ ಕೇಳಿದರೆ ನಾವು ಕೂಡಲೇ ಚಂದಾ ಎತ್ತಲು ಹೊರಡುತ್ತೇವೆ. ಒಳ್ಳೆಯ ಕೆಲಸವೇ. ಆದರೆ ಅದು ಶಾಲೆಗೆ ಬಂದಿಳಿದ ಮೇಲೆ ಏನಾಯಿತು ಎಂದು ವಿಚಾರಿಸುವವರು ಕಡಿಮೆ. ಆ ಬಗ್ಗೆ ಒಂದು ನಿಜ ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ.

2000ರಲ್ಲಿ ಗುಜರಾತ್ ಸರ್ಕಾರ ವಡೋದರಾ ನಗರಪಾಲಿಕೆಯ ಪ್ರಾಥಮಿಕ ಶಾಲೆಗಳಿಗೆ ತಲಾ 4 ಕಂಪ್ಯೂಟರ್‌ಗಳನ್ನು ಕೊಟ್ಟಿತು. ನಡೆಸಲು ಬಲ್ಲವರಿಲ್ಲದೆ ಅನೇಕ ಶಾಲೆಗಳಲ್ಲಿ ಅವು ಪೆಟ್ಟಿಗೆಯಲ್ಲೇ ಉಳಿದವು. 2002ರಲ್ಲಿ 'ಪ್ರಥಮ್' ಎಂಬ ಸ್ವಯಂಸೇವಾ ಸಂಸ್ಥೆ ಸ್ಥಳೀಯರನ್ನೇ ಆರಿಸಿ, 5 ದಿನ ತರಬೇತಿ ಕೊಟ್ಟು, ಸುಮಾರು ಅರ್ಧದಷ್ಟು ಶಾಲೆಗಳಿಗೆ ಕಳುಹಿಸಿತು. ನಾಲ್ಕನೇ ತರಗತಿಯ ಮಕ್ಕಳು ಇಬ್ಬಿಬ್ಬರಾಗಿ ಕುಳಿತು ವಾರಕ್ಕೆ ಕೇವಲ 2 ಗಂಟೆ ಗಣಿತದ ಆಟಗಳನ್ನು ಆಡಿದರು. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಇದನ್ನು ಪರೀಕ್ಷಿಸಿ ನೋಡಿದರು. ಈ ಮಕ್ಕಳು ಗಣಿತದಲ್ಲಿ ಉಳಿದವರಿಗಿಂತ ಸ್ಪಷ್ಟವಾಗಿ ಮುಂದಿದ್ದರು. ಯಂತ್ರ ಅದೇ. ಕಲಿಸುವ ಮನುಷ್ಯ ಬಂದದ್ದಷ್ಟೇ ವ್ಯತ್ಯಾಸ.

ಕಂಪ್ಯೂಟರಿನ ದೊಡ್ಡ ಲಾಭ ಇಲ್ಲಿದೆ. ಅದು ಪ್ರತಿ ಮಗುವಿಗೂ ಅದರ ಮಟ್ಟದ ಲೆಕ್ಕ ಕೊಡುತ್ತದೆ. ಹತ್ತು ಸಲ ತಪ್ಪಿದರೂ ಗದರಿಸುವುದಿಲ್ಲ, ಬೇಸರಿಸುವುದಿಲ್ಲ.

ಇನ್ನು ನಷ್ಟದ ಮಾತು. ಅದೇ ವಡೋದರಾದಲ್ಲಿ ಪಾಠ ನಿಂತು ಒಂದು ವರ್ಷವಾಗುವಷ್ಟರಲ್ಲಿ ಲಾಭದ ಬಹುಪಾಲು ಕರಗಿತ್ತು. ದಕ್ಷಿಣ ಅಮೆರಿಕದ ಪೆರು ದೇಶ ಮಕ್ಕಳಿಗೆ ಲಕ್ಷಾಂತರ ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಸುಧಾರಣೆ ಕಾಣಲಿಲ್ಲ. ಇಂಟರ್‌ನೆಟ್ ಬಂದ ಮೇಲೆ ಮತ್ತೊಂದು ತೊಂದರೆ ಸೇರಿಕೊಂಡಿದೆ. ಪ್ರಾಜೆಕ್ಟ್ ಎಂದರೆ ಹುಡುಕಿ, ನಕಲಿಸಿ, ಪ್ರಿಂಟ್ ತೆಗೆಯುವುದು ಎಂದಾಗಿದೆ. ಪುಟ ತುಂಬುತ್ತದೆ, ತಲೆ ಖಾಲಿಯೇ ಉಳಿಯುತ್ತದೆ.

ಸದಸ್ಯರೇ, ಮುಂದಿನ ಸಲ ಕಂಪ್ಯೂಟರ್ ಕೊಡುವ ಮುನ್ನ ಮೂರು ಪ್ರಶ್ನೆ ಕೇಳೋಣ. ಕಲಿಸುವವರು ಯಾರು? ಕೆಟ್ಟರೆ ರಿಪೇರಿಗೆ ಹಣ ಎಲ್ಲಿಂದ? ಪ್ರತಿ ಮಗುವಿಗೂ ವಾರಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಇದಕ್ಕೆ ಉತ್ತರವಿಲ್ಲದಿದ್ದರೆ 10 ಕಂಪ್ಯೂಟರಿನ ಬದಲು 5 ಕೊಡೋಣ. ಉಳಿದ ಹಣದಲ್ಲಿ ಒಬ್ಬ ಶಿಕ್ಷಕರಿಗೆ ಸಂಬಳ ಕೊಡೋಣ. ಫೋಟೋದಲ್ಲಿ ಅದು ಚಿಕ್ಕ ದಾನವಾಗಿ ಕಾಣಬಹುದು, ಮಗುವಿನ ಪಾಲಿಗೆ ಅದೇ ದೊಡ್ಡದು.

ವಿದ್ಯಾರ್ಥಿಗಳೇ, ಒಂದು ಕಂಪ್ಯೂಟರಿನ ಮುಂದೆ ಇಬ್ಬರು ಕುಳಿತಾಗ ಮೌಸ್ ಯಾವಾಗಲೂ ಒಬ್ಬರ ಕೈಯಲ್ಲೇ ಇರಬಾರದು. ಪಕ್ಕದಲ್ಲಿ ಸುಮ್ಮನೆ ನೋಡುತ್ತಾ ಕುಳಿತವರಿಗೆ, ಮುಖ್ಯವಾಗಿ ಹಿಂಜರಿಯುವ ಹುಡುಗಿಯರಿಗೆ, ಸರದಿ ಬಿಟ್ಟುಕೊಡಿ. ಉತ್ತರವನ್ನು ಮೊದಲು ನೋಟ್‌ಬುಕ್ಕಿನಲ್ಲಿ ನೀವೇ ಬಿಡಿಸಿ, ಆಮೇಲೆ ಕಂಪ್ಯೂಟರಿನಲ್ಲಿ ತಾಳೆ ನೋಡಿ.